ಇಂಟರ್‌ನೆಟ್ ಇಲ್ಲದ ತರಗತಿಯಲ್ಲೂ ಫೆಟ್ ಪ್ರಯೋಗ

ವಿಜ್ಞಾನದ ಪಾಠಕ್ಕೆ ಫೆಟ್ (PhET) ಜಾಲತಾಣದ, ಕಂಪ್ಯೂಟರ್ ತೆರೆಯ ಮೇಲೆ ಮಾಡಿ ನೋಡುವ ಪ್ರಯೋಗಗಳನ್ನು ಬಳಸುವವರು ಅವನ್ನು ತರಗತಿಯಲ್ಲಿ ಆನ್‌ಲೈನ್‌ನಲ್ಲಿ ತೆರೆಯಬೇಡಿ. ಹಿಂದಿನ ದಿನವೇ ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯ 2002ರಲ್ಲಿ ಆರಂಭಿಸಿದ ಈ ಯೋಜನೆಯ ಹೊಸ ಪ್ರಯೋಗಗಳಲ್ಲಿ ಚಿತ್ರ, ಲೆಕ್ಕಾಚಾರ ಎಲ್ಲವೂ ಒಂದೇ ಎಚ್‌ಟಿಎಂಎಲ್ (ವೆಬ್ ಪುಟದ) ಕಡತದೊಳಗೆ ಇರುತ್ತವೆ. ಹಾಗಾಗಿ ಅದನ್ನು ಕ್ರೋಮ್‌ನಲ್ಲೋ ಫೈರ್‌ಫಾಕ್ಸ್‌ನಲ್ಲೋ ತೆರೆದರೆ ಸಾಕು, ಇಂಟರ್‌ನೆಟ್ ಬೇಡವೇ ಬೇಡ. ಬೆಂಗಳೂರಿನಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ವೈಫೈ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಅನುವಾದಗಳ ಪಟ್ಟಿಯಲ್ಲಿ ಕನ್ನಡವಿದ್ದರೆ ಆ ಕಡತವನ್ನೇ ಇಳಿಸಿಕೊಳ್ಳಿ. ಆದರೆ ಪದಗಳನ್ನು ಒಮ್ಮೆ ಪಠ್ಯಪುಸ್ತಕದೊಂದಿಗೆ ಹೋಲಿಸಿ ನೋಡಿ, ಎಲ್ಲ ಕಡೆ ತಾಳೆಯಾಗುವುದಿಲ್ಲ. ಮೊದಲ ಬಾರಿಗೆ ವಿದ್ಯುನ್ಮಂಡಲದ ಪ್ರಯೋಗವನ್ನೇ ತೆಗೆದುಕೊಳ್ಳಿ: ಬ್ಯಾಟರಿಯ ಎರಡೂ ತುದಿಗಳನ್ನು ಬರಿಯ ತಂತಿಯಿಂದ ಜೋಡಿಸಿದೊಡನೆ ತೆರೆಯ ಮೇಲೆ ಬೆಂಕಿ ಏಳುತ್ತದೆ. ಶಾರ್ಟ್ ಸರ್ಕ್ಯೂಟ್ ಎಂದರೇನು ಎಂದು ಕೊನೆಯ ಬೆಂಚಿನವರಿಗೂ ಅಲ್ಲೇ ತಿಳಿಯುತ್ತದೆ, ನಿಜವಾದ ಬ್ಯಾಟರಿ ಸುಡುವುದೂ ತಪ್ಪುತ್ತದೆ. ಫ್ಲ್ಯಾಶ್ ಅಥವಾ ಜಾವಾ ತಂತ್ರಾಂಶಗಳ ಕಾಲದ ಹಳೆಯ ಪ್ರಯೋಗಗಳಿಗೆ ಈ ಉಪಾಯ ನಡೆಯುವುದಿಲ್ಲ. ಪೆನ್‌ಡ್ರೈವನ್ನು ನೇರವಾಗಿ ತರಗತಿಯ ಟಿವಿಗೆ ಚುಚ್ಚಿದರೂ ಸಾಮಾನ್ಯವಾಗಿ ಕಡತ ತೆರೆಯುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ತೆರೆದು ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿ. ಆ ತಂತಿ ಮಾತ್ರ ನಿಮ್ಮ ಚೀಲದಲ್ಲೇ ಇರಲಿ, ಶಾಲೆಯ ಬೀರುವಿನ ಬೀಗದ ಕೈ ಬೇಕಾದಾಗ ಸಿಗುವುದಿಲ್ಲ.