ಚುಕ್ಕಿಯೊಳಗಿನ ಒನಕೆ: ಫ್ಲೆಕ್ಸಿನಲ್ಲಿ ಕೈಕೊಟ್ಟಿದ್ದು, ಕಾರ್ಡಿನಲ್ಲಿ ಗೆದ್ದಿದ್ದು

ಚಿತ್ರದುರ್ಗದ ಕೋಟೆ ನೋಡಲು ಬರುವವರಿಗೆಂದು ಮಾಡಿದ ನನ್ನ ಚುಕ್ಕಿ ಕಾರ್ಡಿನಲ್ಲಿ ಓಬವ್ವನ ಒನಕೆ ಕೊನೆಗೂ ಎದ್ದು ನಿಂತಿದೆ. ಮೇಲ್ನೋಟಕ್ಕೆ ಬರೀ ಚುಕ್ಕಿ, ಕಾರ್ಡಿನ ಆಚೆ ದೂರ ನೋಡುವಂತೆ ದೃಷ್ಟಿ ಬಿಟ್ಟರೆ ಅಡಗಿದ ಚಿತ್ರ ಉಬ್ಬಿ ಕಾಣುತ್ತೆ. "ಟಿವಿ ಸಿಗ್ನಲ್ ಹೋದಂಗಿದೆಯಲ್ಲೋ" ಎಂದು ನಕ್ಕವರೇ ಈಗ ಫೈಲ್ ಕೇಳುತ್ತಿದ್ದಾರೆ.

ಲೆಕ್ಕ ಇಷ್ಟೇ: ಚುಕ್ಕಿ ಪಟ್ಟಿಯನ್ನು ಅಡ್ಡಕ್ಕೆ ಮತ್ತೆ ಮತ್ತೆ ಹಾಕೋದು, ಆಳ ಗುರುತು ಮಾಡಿದ ಗ್ರೇ ಚಿತ್ರದಲ್ಲಿ ಬಿಳಿ, ಅಂದರೆ ಹತ್ತಿರ ಕಾಣಬೇಕಾದ್ದು, ಇದ್ದ ಕಡೆ ಅದೇ ಚುಕ್ಕಿ ಮರಳಿ ಬರುವ ಅಂತರ ಕಡಿಮೆ ಮಾಡೋದು. 1979ರಲ್ಲಿ ದೃಷ್ಟಿ ವಿಜ್ಞಾನಿ ಕ್ರಿಸ್ಟೋಫರ್ ಟೈಲರ್ ಒಂದೇ ಹಾಳೆಯಲ್ಲಿ ಸಾಧಿಸಿದ್ದು ಇದನ್ನೇ.

ಮೊದಲು ಹತ್ತಡಿ ಫ್ಲೆಕ್ಸಿಗೆ ಕಾರ್ಡಿನ ಫೈಲನ್ನೇ ಹಿಗ್ಗಿಸಿದೆ. ಸಾವಿರದೈನೂರರ ಹತ್ತಿರ ನೀರಿಗೆ ಹೋಯ್ತು. ಪಟ್ಟಿ ಒಂದು ಗೇಣಾಗಿತ್ತು. ನಮ್ಮ ಕಣ್ಣುಗಳ ನಡುವೆ ಇರೋದು ಸುಮಾರು 6.5 ಸೆಂ.ಮೀ. ಚಿತ್ರ ಕೂಡಲು ಎರಡು ಕಣ್ಣು ಪಕ್ಕಪಕ್ಕದ ಎರಡು ಪಟ್ಟಿ ನೋಡಬೇಕು. ಪಟ್ಟಿ ಕಣ್ಣಂತರಕ್ಕಿಂತ ಅಗಲವಾದರೆ ಕಣ್ಣು ಹೊರಕ್ಕೆ ತಿರುಗಬೇಕು, ದೂರ ನಿಂತರೂ ಸುಲಭಕ್ಕೆ ಆಗಲ್ಲ. ಬೋರ್ಡು ದೊಡ್ಡದಾದರೆ ಪಟ್ಟಿಗಳ ಸಂಖ್ಯೆ ಹೆಚ್ಚಿಸಿ, ಅಗಲ ಮುಟ್ಟಬೇಡಿ.

ಆಮೇಲೆ ದಾವಣಗೆರೆಯ ಪ್ರೆಸ್ಸೊಂದಕ್ಕೆ ವಾಟ್ಸಾಪಿನಲ್ಲಿ ಫೋಟೋ ಆಗಿ ಹೋದ ಫೈಲು ಚುಕ್ಕಿಯೆಲ್ಲ ಕದಡಿ ಅಚ್ಚಾಯಿತು, ಒಂದು ಕಟ್ಟು ಹಾಳೆ ರದ್ದಿಗೆ. ಪಿಎನ್‌ಜಿ ಚಿತ್ರದ ಫೈಲನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಒನಕೆಯೂ ಸತಾಯಿಸಿತು. ನಿಜದಷ್ಟೇ ಸಣ್ಣಗೆ ಬರೆದರೆ ಮಾಯ. ದಪ್ಪ ಮಾಡಿದ ಮೇಲೆ ಬಂತು. ಉರುಟು ತೋರಿಸಲು ಹೋದರೆ ಮೆಟ್ಟಿಲು ಮೆಟ್ಟಿಲು, ಇಂಚಿಗೆ 300 ಪಿಕ್ಸೆಲ್‌ಗೆ ಏರಿಸಿದಾಗ ತಕ್ಕಮಟ್ಟಿಗೆ ನಯವಾಯಿತು. ಪಕ್ಕದಲ್ಲೇ ಮೂಡುತ್ತಿದ್ದ ಭೂತದ ಒನಕೆಯನ್ನು ಹೇಗೆ ಓಡಿಸಿದೆ ಅನ್ನೋದು ಅಂಗಡಿ ಗುಟ್ಟು.

ನಡುವೆ, 1960ರ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ವಿಜ್ಞಾನಿ ಬೇಲಾ ಯುಲೆಸ್ ಮಾಡಿದಂತೆ ಕಣ್ಣಿಗೊಂದರಂತೆ ಎರಡು ಚುಕ್ಕಿ ಚಿತ್ರ ತೆಗೆದು ಕೆಂಪು-ನೀಲಿ ಕನ್ನಡಕ ಹಂಚಿಯೂ ನೋಡಿದೆ. ಹುಡುಗರಿಗೆ ಥಟ್ಟನೆ ಕಂಡಿತು, ಆದರೆ ಕನ್ನಡಕಕ್ಕೇ ಕಾರ್ಡಿಗಿಂತ ಜಾಸ್ತಿ ಖರ್ಚು. ಇನ್ನೊಂದು ಮಜಾ: ಪಟ್ಟಿ ಕಾರ್ಡನ್ನು ಮೆಳ್ಳೆಗಣ್ಣು ಮಾಡಿ ನೋಡಿದರೆ ಆಳ ತಿರುವುಮುರುವು, ಒನಕೆ ಹೋಗಿ ಕಿಂಡಿ!

ಮಾರಾಟ ಹತ್ತಿದ್ದು ಹೊಳಪಿನ ಲ್ಯಾಮಿನೇಷನ್ ಹಾಕಿದ ಮೇಲೆ. ಚುಕ್ಕಿ ಬಿಟ್ಟು ಅದರಲ್ಲಿ ನಿಮ್ಮ ಮುಖ ನೋಡಿಕೊಳ್ಳಿ ಅಂತೀನಿ. ಕಾರ್ಡು ನಿಮ್ಮಿಂದ ಎಷ್ಟು ದೂರವೋ ಮುಖದ ಬಿಂಬ ಅಷ್ಟೇ ಹಿಂದಿರುತ್ತೆ, ಹಾಗಾಗಿ ಪಟ್ಟಿ ಕಣ್ಣಂತರದ ಅರ್ಧವಿದ್ದರೆ ದೃಷ್ಟಿ ತಾನಾಗಿ ಕೂಡುತ್ತೆ. ನಾನಿಟ್ಟಿದ್ದು 3.2 ಸೆಂ.ಮೀ. ಆಸುಪಾಸು. ಬಿಂಬದಲ್ಲಿ ಕಣ್ಣು ನೆಟ್ಟವರು ಸ್ವಲ್ಪ ಹೊತ್ತಿಗೆ "ಹಾ, ಬಂತು ಬಂತು" ಅಂತಾರೆ.

ಒಂದಕ್ಕೆ ಹನ್ನೊಂದೋ ಹನ್ನೆರಡೋ ಬೀಳುತ್ತೆ, 40ಕ್ಕೆ ಕೊಡ್ತೀನಿ. ಎರಡು ಕಣ್ಣೂ ಜೊತೆಗೂಡಿ ನೋಡದವರಿಗೆ ಇದು ಕಾಣಲ್ಲ. ಅಂಥವರಿಗೆ ದುಡ್ಡು ವಾಪಸ್.