72ನೇ ಕಾಲಂನ ಕಾಟ

ಐಬಿಎಂ ಮೇನ್‌ಫ್ರೇಮ್‌ನ ಅಸೆಂಬ್ಲರ್ (ಸೂಚನೆಗಳನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಂ) 80 ಕಾಲಂಗಳ ಪಂಚ್ ಕಾರ್ಡನ್ನು ಇಂದಿಗೂ ಮರೆತಿಲ್ಲ. ಸೂಚನೆ 1ರಿಂದ 71ನೇ ಕಾಲಂವರೆಗೆ ಇರಬೇಕು. 72ರಲ್ಲಿ ಯಾವುದೇ ಅಕ್ಷರ ಕಂಡರೆ ಮುಂದಿನ ಸಾಲು ಇದರದೇ ಮುಂದುವರಿಕೆ, ಅದು 16ನೇ ಕಾಲಂನಿಂದಲೇ ಶುರುವಾಗಬೇಕು. 73ರಿಂದಾಚೆ ಕ್ರಮಸಂಖ್ಯೆಯ ಜಾಗ.

ಬೆಂಗಳೂರಿನಲ್ಲಿ ಕುಳಿತು ಇಂಥ ಹಳೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ನಾನು ಉದ್ದದ ಮ್ಯಾಕ್ರೊ (ಒಂದೇ ಹೆಸರಿನಿಂದ ಹಲವು ಸೂಚನೆಗಳನ್ನು ತರಿಸುವ ಸೌಲಭ್ಯ) ಕರೆಗಳನ್ನು 71ರವರೆಗೆ ತುಂಬಿಸಿ ಮುರಿಯುವುದಿಲ್ಲ. ಫೈಲಿನ ವಿವರ ಹೇಳುವ ಡಿಸಿಬಿ ಮ್ಯಾಕ್ರೊ ಬರೆಯುವಾಗ ಸಾಲಿಗೊಂದೇ ಪ್ಯಾರಾಮೀಟರ್, ಅದರ ನಂತರ ಅಲ್ಪವಿರಾಮ, ಜಾಗ ಬಿಟ್ಟು ಚಿಕ್ಕ ಟಿಪ್ಪಣಿ, 72ರಲ್ಲಿ ಎಕ್ಸ್. ಪುಟ ಉದ್ದವಾಗುತ್ತದೆ, ಆಗಲಿ. ನಾಳೆ ಒಂದು ಪ್ಯಾರಾಮೀಟರ್ ಬದಲಾದರೆ ಹಳೆಯ, ಹೊಸ ಪ್ರತಿಗಳ ಹೋಲಿಕೆಯಲ್ಲಿ ಒಂದೇ ಸಾಲು ಕಾಣುತ್ತದೆ.

ನಿಜವಾದ ಅಪಾಯವಿರುವುದು 16ನೇ ಕಾಲಂನಲ್ಲಿ. ಮುಂದುವರಿದ ಸಾಲು 17ರಲ್ಲಿ ಶುರುವಾದರೆ ಅಸೆಂಬ್ಲರ್ ಆ ಸಾಲನ್ನು ಪೂರ್ತಿ ಟಿಪ್ಪಣಿಯೆಂದು ಪಕ್ಕಕ್ಕಿಡುತ್ತದೆ. ನನ್ನ ಕೈಗೆ ಬಂದ ಒಂದು ಪ್ರೋಗ್ರಾಂನಲ್ಲಿ ದಾಖಲೆಯ ಉದ್ದ ಹೇಳುವ ಎಲ್‌ಆರ್‌ಇಸಿಎಲ್ ಹೀಗೆಯೇ ಕಳೆದುಹೋಗಿತ್ತು. ಆ ಬೆಲೆಯನ್ನು ಪ್ರೋಗ್ರಾಂ ಓಡಿಸುವ ಆದೇಶಗಳಾದ ಜೆಸಿಎಲ್ ಒದಗಿಸುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅಸೆಂಬ್ಲರ್ ಎಚ್ಚರಿಸಿಯೇ ಇರುತ್ತದೆ, ಆದರೆ ರಿಟರ್ನ್ ಕೋಡ್ 4 (ಬರೀ ಎಚ್ಚರಿಕೆ) ತಾನೇ ಎಂದು ಮುಂದೆ ಹೋಗುವ ಅಭ್ಯಾಸ ನಮ್ಮ ಕಸುಬಿಗೆ ಅಂಟಿದ ಜಾಡ್ಯ. ಮುಂದುವರಿಕೆ ಸಾಲುಗಳನ್ನು ತಪಾಸಿಸುವ ಫ್ಲ್ಯಾಗ್(ಕಾಂಟ್) ಆಯ್ಕೆಯನ್ನು ನಾನು ಎಂದೂ ಆಫ್ ಮಾಡುವುದಿಲ್ಲ. 430ರ ಸರಣಿಯ ಎಚ್ಚರಿಕೆ ಬಂದರೆ ಮೊದಲು ಅದನ್ನೇ ಸರಿಪಡಿಸುತ್ತೇನೆ.

ನಕ್ಷತ್ರಗಳ ಚೌಕಟ್ಟಿನ ಟಿಪ್ಪಣಿ ಇಷ್ಟಪಡುವವರು ಬಲಗಡೆಯ ನಕ್ಷತ್ರವನ್ನು 71ರಲ್ಲೇ ನಿಲ್ಲಿಸಬೇಕು. 72ಕ್ಕೆ ಕಾಲಿಟ್ಟರೆ ಟಿಪ್ಪಣಿಯೂ ಮುಂದುವರಿಯುತ್ತದೆ.

ಉದ್ದದ ಸಂದೇಶಗಳಿಗೆ ಮುಂದುವರಿಕೆಯನ್ನೇ ಬಳಸುವುದಿಲ್ಲ. ಉದ್ಧರಣ ಚಿಹ್ನೆಯೊಳಗಿನ ಪಠ್ಯ ಸರಿಯಾಗಿ 71ರವರೆಗೆ ತುಂಬಿ 16ರಲ್ಲಿ ಮತ್ತೆ ಹಿಡಿಯಬೇಕು. ಒಂದು ಪದ ತಿದ್ದಿದರೆ ಉಳಿದದ್ದೆಲ್ಲ ಸರಿಯುತ್ತದೆ. ಅದರ ಬದಲು ಒಂದರ ಕೆಳಗೊಂದು ಡಿಸಿ (ಸ್ಥಿರ ಪಠ್ಯವನ್ನು ಮೆಮೊರಿಯಲ್ಲಿಡುವ ಸೂಚನೆ) ಬರೆದರೆ ಅಕ್ಷರಗಳು ಮೆಮೊರಿಯಲ್ಲಿ ಒತ್ತಾಗಿಯೇ ಕೂರುತ್ತವೆ. ಆಗ ಲೇಬಲ್‌ನ ಉದ್ದದ ಗುಣ ಮೊದಲ ತುಂಡನ್ನಷ್ಟೇ ಹೇಳುವುದರಿಂದ, ಕೊನೆಯಲ್ಲಿ ಹೆಸರಿಗೆ ಬೆಲೆ ಕೊಡುವ ಈಕ್ಯು ಹಾಕಿ ಒಟ್ಟು ಉದ್ದವನ್ನು ಲೆಕ್ಕಹಾಕಿಸುತ್ತೇನೆ.

ಐಸಿಟಿಎಲ್ ಸೂಚನೆಯಿಂದ ಈ ಕಾಲಂಗಳನ್ನೇ ಬದಲಿಸಬಹುದು. ನಾನು ಅದರ ತಂಟೆಗೆ ಹೋಗುವುದಿಲ್ಲ: ಲೈಬ್ರರಿಯಿಂದ ಬರುವ ಮ್ಯಾಕ್ರೊಗಳಿಗೆ ಅದು ಅನ್ವಯಿಸದು, ಅವು ಹಳೆಯ ಅಳತೆಯಲ್ಲೇ ಇರಬೇಕು.