ನಾಲ್ಕು ಕಾಳು ಜೋಳ ಮತ್ತು ದ್ವಿಪದ ಸಂಭವನೀಯತೆ

ಹಿಂಗಾರಿಗೆ ಮಾಲದಂಡಿ ಜೋಳ ಬಿತ್ತುವ ವಿಜಯಪುರ ಜಿಲ್ಲೆಯ ಮಕ್ಕಳಿಗೆ ದ್ವಿಪದ ಸಂಭವನೀಯತೆ (ಎರಡೇ ಫಲಿತಾಂಶದ ಪ್ರಯೋಗ ಹಲವು ಸಲ ನಡೆದಾಗ ಒಂದು ಫಲಿತಾಂಶ ಇಂತಿಷ್ಟು ಸಲ ಬರುವ ಸಂಭವನೀಯತೆ) ಕಲಿಸಲು ನಾಣ್ಯಕ್ಕಿಂತ ಜೋಳದ ಕಾಳು ಮೇಲು. ನಾಣ್ಯದ ಎರಡು ಮುಖಗಳಿಗೂ ಸಮ ಅವಕಾಶ ಇರುವುದರಿಂದ ಸೂತ್ರದ ಯಾವ ಭಾಗ ಏನು ಕೆಲಸ ಮಾಡುತ್ತದೆ ಎಂಬುದೇ ಮರೆಯಾಗುತ್ತದೆ.

ಪ್ರಮಾಣೀಕೃತ ಜೋಳದ ಬೀಜಕ್ಕೆ ಕನಿಷ್ಠ ಶೇ 75ರಷ್ಟು ಮೊಳಕೆ ಇರಬೇಕೆಂಬ ನಿಯಮವಿದೆ. ಅದನ್ನೇ ಹಿಡಿದರೆ ಒಂದು ಕಾಳು ಮೊಳೆಯುವ ಸಂಭವನೀಯತೆ 3/4, ಮೊಳೆಯದಿರುವ ಸಂಭವನೀಯತೆ 1/4. ಒದ್ದೆ ಬಟ್ಟೆಯಲ್ಲಿ 4 ಕಾಳು ಸುತ್ತಿಟ್ಟಿದ್ದೇವೆ. ಸರಿಯಾಗಿ 3 ಮೊಳೆಯುವ ಸಂಭವನೀಯತೆ ಎಷ್ಟು?

ಮೊದಲು ಈ ಲೆಕ್ಕಕ್ಕೆ ದ್ವಿಪದ ಸೂತ್ರ ಒಗ್ಗುತ್ತದೆಯೇ ನೋಡಬೇಕು. ಕಾಳುಗಳ ಸಂಖ್ಯೆ ನಿಗದಿಯಾಗಿದೆ. ಪ್ರತಿ ಕಾಳಿಗೂ ಎರಡೇ ಫಲಿತಾಂಶ. ಸಂಭವನೀಯತೆ ಎಲ್ಲಕ್ಕೂ ಒಂದೇ. ನಾಲ್ಕನೆಯ ಷರತ್ತನ್ನು ವಿದ್ಯಾರ್ಥಿಗಳು ಓದಿ ಮುಂದೆ ಹೋಗಿಬಿಡುತ್ತಾರೆ: ಒಂದು ಕಾಳಿನ ಫಲಿತಾಂಶ ಇನ್ನೊಂದರ ಮೇಲೆ ಪರಿಣಾಮ ಬೀರಬಾರದು. ಬಟ್ಟೆಯಲ್ಲಿ ಎಲ್ಲ ಕಾಳಿಗೂ ಸಾಕಷ್ಟು ತೇವ ಇರುವುದರಿಂದ ಇದನ್ನು ಒಪ್ಪಬಹುದು. ಹೊಲದಲ್ಲಿ ಹಾಗಲ್ಲ. ತೇವ ಆರಿದರೆ ಅಕ್ಕಪಕ್ಕದ ಕಾಳುಗಳೆಲ್ಲ ಒಟ್ಟಿಗೇ ಕೆಡುತ್ತವೆ. ಅಲ್ಲಿ ಈ ಸೂತ್ರ ಹಾಕಿದರೆ ಉತ್ತರ ತಪ್ಪುತ್ತದೆ.

ಈಗ ಲೆಕ್ಕ. ಮೊದಲ ಮೂರು ಮೊಳೆತು ಕೊನೆಯದು ಮೊಳೆಯದಿದ್ದರೆ: 3/4 × 3/4 × 3/4 × 1/4 = 27/256. ಬಹಳಷ್ಟು ಉತ್ತರಪತ್ರಿಕೆಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಮೊಳೆಯದ ಕಾಳು ಕೊನೆಯದೇ ಆಗಬೇಕೆಂದು ಯಾರು ಹೇಳಿದರು? ಅದು ಮೊದಲನೆಯದು, ಎರಡನೆಯದು, ಮೂರನೆಯದೂ ಆಗಬಹುದು. ಹೀಗೆ 4 ವಿಧ. ಪ್ರತಿಯೊಂದರ ಸಂಭವನೀಯತೆಯೂ 27/256. ವಿಧಗಳ ಸಂಖ್ಯೆಯನ್ನು ಒಂದು ವಿಧದ ಸಂಭವನೀಯತೆಯಿಂದ ಗುಣಿಸುವುದೇ ದ್ವಿಪದ ಸೂತ್ರ. ಆದ್ದರಿಂದ ಉತ್ತರ 4 × 27/256 = 108/256, ಸುಮಾರು 0.42.

ಉಳಿದವನ್ನೂ ಹೀಗೆಯೇ ಮಾಡಿ. ಎರಡೇ ಮೊಳೆಯುವುದಕ್ಕೆ 6 ವಿಧಗಳಿವೆ. ಆರನ್ನೂ ಒಮ್ಮೆ ಕೈಯಾರೆ ಬರೆದು ನೋಡಿ. 0, 1, 2, 3, 4 ಕಾಳು ಮೊಳೆಯುವುದಕ್ಕೆ ಅನುಕ್ರಮವಾಗಿ 1, 12, 54, 108, 81 ಬರುತ್ತವೆ, ಎಲ್ಲಕ್ಕೂ ಛೇದ 256. ಕೂಡಿದರೆ ಸರಿಯಾಗಿ 256 ಬರಬೇಕು. ಬರದಿದ್ದರೆ ವಿಧಗಳ ಎಣಿಕೆಯನ್ನೇ ಮೊದಲು ಪರೀಕ್ಷಿಸಿ.

ಕಾಳು ಹೆಚ್ಚಾದರೆ ವಿಧಗಳನ್ನು ಬರೆಯುತ್ತ ಕೂರಲಾಗದು. ಅದಕ್ಕೆ ಬೇಕಾದ ವಿಕಲ್ಪದ (ಆಯ್ಕೆಯ ವಿಧಗಳನ್ನು ಎಣಿಸುವ) ನಿಯಮವನ್ನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ಕೊಟ್ಟಿದ್ದಾರೆ. ನಮ್ಮ ನೆಲದ ಈ ಗಣಿತಜ್ಞರ ಹೆಸರನ್ನು ತರಗತಿಯಲ್ಲಿ ಹೇಳಲೇಬೇಕು. 10 ಕಾಳಿನಲ್ಲಿ 8 ಮೊಳೆಯಬೇಕೆಂದರೆ ಮೊಳೆಯದ 2 ಕಾಳುಗಳನ್ನು ಆರಿಸಿದರೆ ಸಾಕು: (10 × 9) ÷ (1 × 2) = 45 ವಿಧ. ಇದನ್ನು 3/4ರ ಎಂಟನೇ ಘಾತ ಮತ್ತು 1/4ರ ವರ್ಗದಿಂದ ಗುಣಿಸಿದರೆ ಸುಮಾರು 0.28.

‘ಕನಿಷ್ಠ ಒಂದು’ ಎಂಬ ಪ್ರಶ್ನೆ ಬಂದರೆ ಮಾತ್ರ ಇಷ್ಟೆಲ್ಲ ಕೂಡುವುದು ಬೇಡ. ಒಂದೂ ಮೊಳೆಯದಿರುವುದನ್ನು 1ರಿಂದ ಕಳೆಯಿರಿ. ನಮ್ಮ ನಾಲ್ಕು ಕಾಳಿಗೆ ಅದು 255/256.